ಶಾಲೆಗಾಗಿ ಕ್ಯುಪರ್ಟಿನೊಗೆ ಮನೆ ಬದಲಾಯಿಸಬೇಕಾ? ಅಲ್ಲಿರುವವರು ದಯವಿಟ್ಟು ಹೇಳಿ

ಡಬ್ಲಿನ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಈಸ್ಟ್ ಬೇ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ಭಾಗದ ಡಬ್ಲಿನ್‌ನಲ್ಲಿದ್ದೇವೆ. ನಮ್ಮ ಯಜಮಾನರ ಆಫೀಸು ಕ್ಯುಪರ್ಟಿನೊದಲ್ಲಿ. ವಾರಕ್ಕೆ ಮೂರು ದಿನ ಹೋಗಲೇಬೇಕು. 680 ಹೈವೇಯಲ್ಲಿ ಸುನೋಲ್ ದಾಟಿ ಸ್ಯಾನ್ ಹೊಸೆ ಮುಟ್ಟುವಷ್ಟರಲ್ಲಿ ಅವರಿಗೆ ಅರ್ಧ ದಿನದ ಸುಸ್ತು ಆಗಿರುತ್ತದೆ. ಮಗಳು 7ನೇ ತರಗತಿ, ಮಗ 2ನೇ ತರಗತಿ.

ಮಗಳು ಹೈಸ್ಕೂಲ್ ಸೇರುವ ಮೊದಲೇ ಕ್ಯುಪರ್ಟಿನೊಗೆ ಹೋಗಿಬಿಡೋಣ ಅಂತ ಮನೆಯಲ್ಲಿ ದಿನಾ ಮಾತು. ಸ್ನೇಹಿತರು ಕೂಡ "ಮಾಂಟಾ ವಿಸ್ಟಾ, ಲಿನ್‌ಬ್ರೂಕ್ ಹೈಸ್ಕೂಲ್ ಸಿಕ್ಕರೆ ಮಕ್ಕಳ ಚಿಂತೆ ಬಿಡಿ" ಅನ್ನುತ್ತಾರೆ. ಆದರೆ ಇಲ್ಲಿನ ಮನೆ ಮಾರಿದರೂ ಅಲ್ಲಿ ಒಂದು ಹಳೇ ಮೂರು ಬೆಡ್‌ರೂಮ್ ಮನೆಗೆ ಇನ್ನೊಂದು ದೊಡ್ಡ ಸಾಲ ಮಾಡಬೇಕು. ಇಲ್ಲ ಅಂದ್ರೆ ಬಾಡಿಗೆ. ಆ ಊರು ಹೇಗಿದೆ? ಶಾಲೆ ನಿಜಕ್ಕೂ ಅಷ್ಟು ಚೆನ್ನಾಗಿದೆಯಾ? ಮಕ್ಕಳು ಖುಷಿಯಾಗಿ ಇರುತ್ತಾರಾ? ಅಲ್ಲೇ ಇರುವವರು ಹೇಳಿದರೆ ಧೈರ್ಯ ಬರುತ್ತದೆ.

ಬಬ್ ರಸ್ತೆ ಅಪ್ಪ

ಮೇಡಂ, ನಾವು ಬಬ್ ರಸ್ತೆಯ ಹತ್ತಿರ ಇದ್ದೇವೆ. ಮಕ್ಕಳಿಬ್ಬರೂ ಇಲ್ಲೇ ಓದಿದವರು. ಮೊದಲು ಒಂದು ಮುಖ್ಯ ವಿಷಯ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಬಹಳ ಜನ ಎಡವುತ್ತಾರೆ. ಕ್ಯುಪರ್ಟಿನೊ ಅಂತ ವಿಳಾಸ ಇದ್ದರೆ ಮಾಂಟಾ ವಿಸ್ಟಾ ಸಿಗುತ್ತದೆ ಅಂತ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ಸ್ಕೂಲ್ ಡಿಸ್ಟ್ರಿಕ್ಟ್, ಅಂದ್ರೆ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳು ಇವೆ. 8ನೇ ತರಗತಿವರೆಗೆ ಕ್ಯುಪರ್ಟಿನೊ ಯೂನಿಯನ್. ಆಮೇಲೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಹೆಸರು ಫ್ರೀಮಾಂಟ್ ಅಂತಿದ್ದರೂ ಈಸ್ಟ್ ಬೇನ ಫ್ರೀಮಾಂಟ್ ಊರಿಗೂ ಇದಕ್ಕೂ ಸಂಬಂಧ ಇಲ್ಲ. ಇದರಲ್ಲಿ ಐದು ಹೈಸ್ಕೂಲ್: ಮಾಂಟಾ ವಿಸ್ಟಾ, ಲಿನ್‌ಬ್ರೂಕ್, ಕ್ಯುಪರ್ಟಿನೊ, ಹೋಮ್‌ಸ್ಟೆಡ್, ಫ್ರೀಮಾಂಟ್. ಲಿನ್‌ಬ್ರೂಕ್ ಇರುವುದೇ ಸ್ಯಾನ್ ಹೊಸೆ ಊರಿನೊಳಗೆ. ಫ್ರೀಮಾಂಟ್ ಹೈಸ್ಕೂಲ್ ಸನಿವೇಲ್‌ನಲ್ಲಿ. ಸನಿವೇಲ್‌ನ ಕೆಲವು ಬೀದಿಗಳು ಹೋಮ್‌ಸ್ಟೆಡ್‌ಗೆ ಸೇರುತ್ತವೆ. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು ಶಾಲೆ. ಮನೆ ನೋಡುವ ಮೊದಲು ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿ ನೋಡಿ. ಏಜೆಂಟ್ ಬಾಯಿಮಾತು ನಂಬಬೇಡಿ.

ಇನ್ನು ಶಾಲೆ. ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ವಿಷಯ ಚೆನ್ನಾಗಿ ಗೊತ್ತಿರುವ ಮೇಷ್ಟ್ರು ಇದ್ದಾರೆ. ನನ್ನ ಮಗನಿಗೆ ಕೆಮಿಸ್ಟ್ರಿ ಹಿಡಿಸಿದ್ದೇ ಒಬ್ಬರು ಟೀಚರ್‌ನಿಂದ. ಊಟದ ಹೊತ್ತಿನಲ್ಲೂ ಅವರು ಲ್ಯಾಬ್ ಬಾಗಿಲು ತೆರೆದಿಡುತ್ತಿದ್ದರು. ರೊಬಾಟಿಕ್ಸ್, ಡಿಬೇಟ್, ಬ್ಯಾಂಡ್, ಏನು ಬೇಕಾದರೂ ಇದೆ. ಡಿ ಆನ್ಜಾ ಕಾಲೇಜು ಪಕ್ಕದಲ್ಲೇ ಇದೆ. ಹೈಸ್ಕೂಲ್‌ನಲ್ಲಿ ಇರುವಾಗಲೇ ಅಲ್ಲಿ ಕೆಲವು ಕೋರ್ಸ್ ಮಾಡಬಹುದು.

ಬೆಳಿಗ್ಗೆ ಒಮ್ಮೆ ಬಂದು ಮೆಕ್‌ಕ್ಲೆಲನ್ ರಸ್ತೆಯಲ್ಲಿ ನಿಂತು ನೋಡಿ. ಲಿಂಕನ್ ಎಲಿಮೆಂಟರಿ, ಕೆನಡಿ ಮಿಡಲ್, ಮಾಂಟಾ ವಿಸ್ಟಾ ಹೈ, ಮೂರೂ ಹತ್ತಿರ ಹತ್ತಿರ. ಕಾರುಗಳ ಸಾಲು ಮುಂದಕ್ಕೇ ಹೋಗುವುದಿಲ್ಲ. ಕಾರಿನ ಬಾಗಿಲು ತೆಗೆಯುವಾಗಲೂ ಮಗುವಿನ ಬಾಯಲ್ಲಿ ದೋಸೆ ಇರುತ್ತದೆ, ಹೆಗಲಲ್ಲಿ ಪಿಟೀಲು. 2014ರಲ್ಲಿ ಇದೇ ರಸ್ತೆಯಲ್ಲಿ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗನೊಬ್ಬ ಟ್ರಕ್‌ಗೆ ಸಿಕ್ಕಿ ತೀರಿಕೊಂಡ. ಊರಿಗೆ ಊರೇ ಅತ್ತಿತ್ತು. ಈಗ ಸೈಕಲ್‌ಗೆ ಬೇರೆ ಲೇನ್ ಮಾಡಿ ಮಧ್ಯೆ ಕಟ್ಟೆ ಕಟ್ಟಿದ್ದಾರೆ. ನಿಮ್ಮ ಮಗಳಿಗೆ ಸೈಕಲ್ ಇಷ್ಟ ಇದ್ದರೆ ಅದೊಂದು ಅನುಕೂಲ.

ಹಣದ ಲೆಕ್ಕ ನಿಮಗೇ ಗೊತ್ತು. ಸಾಧಾರಣ ಮನೆಗೇ 30 ಲಕ್ಷ ಡಾಲರ್ ಆಸುಪಾಸು. ಅದರ ಮೇಲೆ ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಜಾಸ್ತಿ ಆಸ್ತಿ ತೆರಿಗೆ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ಕೊಟ್ಟು ನೀವು ತಗೊಳ್ಳುವುದು ಮುಖ್ಯವಾಗಿ ಜೊತೆಯ ಮಕ್ಕಳನ್ನು. ಪಠ್ಯ ಡಬ್ಲಿನ್‌ನಲ್ಲೂ ಹೆಚ್ಚುಕಮ್ಮಿ ಅದೇ. ಓದುವ ಮಕ್ಕಳ ಜೊತೆ ಇರುವುದು ಒಳ್ಳೆಯದು. ಆ ಮಕ್ಕಳ ಜೊತೆಗೇ ಅವರ ಪೈಪೋಟಿಯೂ ಬರುತ್ತದೆ.

ಸನಿವೇಲ್ ಅಕ್ಕ

ಮೇಲಿನವರು ಹೇಳಿದ್ದು ಸರಿ. ನಾನು ಎಲಿಮೆಂಟರಿ ಶಾಲೆಗಳಲ್ಲಿ ಸಬ್‌ಸ್ಟಿಟ್ಯೂಟ್ ಟೀಚರ್ ಆಗಿ ಹೋಗುತ್ತೇನೆ. ರೇಟಿಂಗ್ ಸೈಟ್‌ಗಳಲ್ಲಿ 9, 10 ಅಂತ ನೋಡಿ ಮರುಳಾಗಬೇಡಿ. ಆ ಅಂಕೆ ಹೆಚ್ಚಾಗಿ ಪರೀಕ್ಷೆಯ ಅಂಕಗಳಿಂದಲೇ ಬರುವುದು. ಅಪ್ಪ ಅಮ್ಮ ಇಬ್ಬರೂ ಇಂಜಿನಿಯರ್, ಸಂಜೆ ಗಣಿತಕ್ಕೆ ಟ್ಯೂಷನ್, ಮನೆ ತುಂಬ ಪುಸ್ತಕ. ಅಂಥ ಮಕ್ಕಳು ಎಲ್ಲಿ ಕೂತರೂ ಅಂಕ ತೆಗೆಯುತ್ತಾರೆ. ಶಾಲೆ ಅದಕ್ಕೆ ಎಷ್ಟು ಸೇರಿಸಿತು ಅನ್ನುವುದು ಆ ಅಂಕೆಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಬೇಜಾರು. ಪಾಠ ಹೇಳುವ ಟೀಚರ್‌ಗಳಲ್ಲಿ ಎಷ್ಟೋ ಜನ ಈ ಊರಿನಲ್ಲಿ ಮನೆ ಮಾಡಲು ಆಗುವುದಿಲ್ಲ. ನನ್ನ ಜೊತೆಯ ಒಬ್ಬರು ಗಿಲ್‌ರಾಯ್‌ನಿಂದ ಬರುತ್ತಾರೆ. ಕತ್ತಲಿರುವಾಗಲೇ ಹೊರಡುತ್ತಾರೆ. ಸಂಜೆ ಪೇರೆಂಟ್ ಮೀಟಿಂಗ್ ಇದ್ದರೆ ಅವತ್ತು ಮನೆ ಸೇರುವಾಗ ಅವರ ಮಕ್ಕಳು ಮಲಗಿರುತ್ತಾರೆ. ಊರಿನವರ ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸಿ, ತಮ್ಮ ಮಕ್ಕಳ ಹೋಮ್‌ವರ್ಕ್ ನೋಡಲು ಆಗದೆ ಇರುವುದು ಎಂಥ ಕಷ್ಟ ಅಲ್ವಾ.

ಹಳೇ ನಿವಾಸಿ

ನಾನು ಇಲ್ಲಿಗೆ ಬಂದಾಗ ಅಲ್ಲೊಂದು ಇಲ್ಲೊಂದು ಜರ್ದಾಳು ತೋಟ ಇನ್ನೂ ಉಳಿದಿತ್ತು. ಈ ಊರು ನಗರಸಭೆ ಆಗಿದ್ದು 1955ರಲ್ಲಿ. ಅದಕ್ಕೂ ಮೊದಲು ಎಲ್ಲ ಹಣ್ಣಿನ ತೋಟ. ಶಾಲೆಗಾಗಿ ಇಲ್ಲಿಗೆ ಬರುವುದೂ ನಮ್ಮವರು ಶುರು ಮಾಡಿದ್ದಲ್ಲ. ಸ್ಟೀವ್ ಜಾಬ್ಸ್ ಹುಡುಗನಾಗಿದ್ದಾಗ ಮೌಂಟನ್ ವ್ಯೂ ಶಾಲೆಯಲ್ಲಿ ಹುಡುಗರ ಕಾಟ ತಡೆಯಲಾಗದೆ ಬೇರೆ ಶಾಲೆ ಬೇಕು ಅಂತ ಹಟ ಹಿಡಿದ. ಅವರ ಅಪ್ಪ ಅಮ್ಮ ಕೈಲಿದ್ದ ಹಣವನ್ನೆಲ್ಲ ಸೇರಿಸಿ, ಈ ಡಿಸ್ಟ್ರಿಕ್ಟ್‌ಗೆ ಸೇರಿದ ಲಾಸ್ ಆಲ್ಟೋಸ್ ಬೀದಿಯಲ್ಲಿ 21 ಸಾವಿರ ಡಾಲರ್‌ಗೆ ಮನೆ ತಗೊಂಡರು. 1960ರ ದಶಕದ ಮಾತು. ಆಮೇಲೆ ಅವರು ಓದಿದ್ದು ಹೋಮ್‌ಸ್ಟೆಡ್ ಹೈಸ್ಕೂಲ್‌ನಲ್ಲಿ. ಅವರ ಜೊತೆ ಆಪಲ್ ಕಂಪನಿ ಕಟ್ಟಿದ ವೋಜ್ನಿಯಾಕ್ ಓದಿದ್ದೂ ಅಲ್ಲೇ. ಜಾಬ್ಸ್ ಅವರ ಅಪ್ಪ ಇಂಜಿನಿಯರ್ ಅಲ್ಲ, ಯಂತ್ರದ ಕೆಲಸ ಮಾಡುವ ಮೆಷಿನಿಸ್ಟ್. ಇವತ್ತು ಅಂಥ ಕೆಲಸದವರು ಆ ಬೀದಿಯಲ್ಲಿ ಒಂದು ರೂಮೂ ಬಾಡಿಗೆಗೆ ತಗೊಳ್ಳುವುದು ಕಷ್ಟ.

ಈಗ ನಿಮಗೆ ಯಾರೂ ಹೇಳದ ಮಾತು ಹೇಳುತ್ತೇನೆ. ಇಷ್ಟು ಹೆಸರಿರುವ ಈ ಶಾಲೆಗಳಲ್ಲಿ ಮಕ್ಕಳು ಕಡಿಮೆ ಆಗುತ್ತಿದ್ದಾರೆ. ಹಿಂದೆ ಕ್ಯುಪರ್ಟಿನೊ ಯೂನಿಯನ್‌ನಲ್ಲಿ 19 ಸಾವಿರದ ಹತ್ತಿರ ಮಕ್ಕಳಿದ್ದರು. ಅಲ್ಲಿಂದ ಸಾವಿರಗಟ್ಟಲೆ ಇಳಿಯಿತು. 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಎಲಿಮೆಂಟರಿ ಶಾಲೆಗಳನ್ನು ಮುಚ್ಚಿದರು. ಮೇಯರ್‌ಹೋಲ್ಜ್‌ನಲ್ಲಿದ್ದ ಮ್ಯಾಂಡರಿನ್ ತರಗತಿಗಳು ಮ್ಯೂರ್ ಶಾಲೆಗೆ ಹೋದವು. ಶಾಲೆ ಮುಚ್ಚಬೇಡಿ ಅಂತ ಅಪ್ಪ ಅಮ್ಮಂದಿರು ರಾತ್ರಿವರೆಗೂ ಬೋರ್ಡ್ ಮೀಟಿಂಗ್‌ನಲ್ಲಿ ಮಾತಾಡಿದರು. ಏನೂ ಆಗಲಿಲ್ಲ.

ಕಾರಣ ಮನೆ ಬೆಲೆ. ಚಿಕ್ಕ ಮಕ್ಕಳಿರುವ ಮೂವತ್ತರ ವಯಸ್ಸಿನವರು ಇಲ್ಲಿ ಮನೆ ತಗೊಳ್ಳಲು ಆಗುವುದಿಲ್ಲ. ನಮ್ಮಂಥ ಹಳಬರು ಮನೆ ಬಿಡುವುದಿಲ್ಲ. 1978ರಲ್ಲಿ ಬಂದ ಪ್ರೊಪೊಸಿಷನ್ 13 ಪ್ರಕಾರ ತೆರಿಗೆ ಹಾಕುವ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವ ಹಾಗಿಲ್ಲ. ಮನೆ ಕೈ ಬದಲಾದಾಗ ಹೊಸ ಬೆಲೆ. ಹಾಗಾಗಿ ನಾನು ಕಟ್ಟುವುದು ಸ್ವಲ್ಪ, ಹೊಸದಾಗಿ ಬಂದ ಪಕ್ಕದ ಮನೆಯವರು ಕಟ್ಟುವುದು ಅದರ ಎಷ್ಟೋ ಪಟ್ಟು. ಮಕ್ಕಳು ಕಾಲೇಜಿಗೆ ಹೋದ ಮೇಲೂ ನಾಲ್ಕು ಬೆಡ್‌ರೂಮ್ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಮ್ಮ ಬೀದಿಯಲ್ಲಿ ಹ್ಯಾಲೋವೀನ್ ದಿನ ಮಕ್ಕಳಿಗೆ ಅಂತ ತಂದ ಚಾಕೊಲೇಟ್ ಅರ್ಧ ಹಾಗೇ ಉಳಿಯುತ್ತದೆ.

ವ್ಯಾಲ್ಕೋ ಮಾಲ್ ಕಥೆಯೂ ಇದೇ. ಆ ಜಾಗದಲ್ಲಿ ಮನೆ ಕಟ್ಟಿದರೆ ಶಾಲೆಗಳು ತುಂಬಿ ತುಳುಕುತ್ತವೆ ಅಂತ ಊರಲ್ಲಿ ದೊಡ್ಡ ಜಗಳ. 2016ರಲ್ಲಿ ಪರ ಒಂದು ಪ್ರಸ್ತಾಪ, ವಿರೋಧ ಒಂದು ಪ್ರಸ್ತಾಪ ಜನರ ಮತಕ್ಕೆ ಬಂದು ಎರಡೂ ಸೋತವು. 2018ರಲ್ಲಿ ಮಾಲ್ ಕೆಡವಲು ಶುರು ಮಾಡಿದರು. ಆಮೇಲೆ ಎಷ್ಟೋ ವರ್ಷ ಆ ಜಾಗ ಖಾಲಿ ಬಿದ್ದಿತ್ತು. ಶಾಲೆ ತುಂಬುತ್ತದೆ ಅಂತ ಹೆದರಿದ ಊರಿನಲ್ಲೇ ಮಕ್ಕಳಿಲ್ಲ ಅಂತ ಶಾಲೆ ಮುಚ್ಚಿದೆವು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಡಬ್ಲಿನ್ ಅಮ್ಮ

ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಮ್ಮ ಡಬ್ಲಿನ್‌ನಲ್ಲಿ ಪೂರಾ ಉಲ್ಟಾ. ಮಕ್ಕಳು ಜಾಸ್ತಿಯಾಗಿ 2024ರಲ್ಲಿ ಎಮರಾಲ್ಡ್ ಅಂತ ಎರಡನೇ ಹೈಸ್ಕೂಲ್ ತೆರೆದರು. ಮಗಳು ಹೋಗಬೇಕಾದದ್ದು ಅಲ್ಲಿಗೇ. ಹೊಸ ಶಾಲೆ, ಇನ್ನೂ ಹೆಸರು ಮಾಡಿಲ್ಲ, ಕಾಲೇಜಿನವರು ಹೇಗೆ ನೋಡುತ್ತಾರೋ ಅನ್ನುವುದು ನಮ್ಮ ಭಯ.

ಕಾಲೇಜು ಹುಡುಗಿ

ಆಂಟಿ, ನಾನು ಕ್ಯುಪರ್ಟಿನೊದಲ್ಲೇ ಬೆಳೆದವಳು. ಈಗ ಕಾಲೇಜಿನಲ್ಲಿದ್ದೇನೆ. ಕನ್ನಡ ಬರೆಯಲು ಕಲಿತಿದ್ದು ಶನಿವಾರದ ಕನ್ನಡ ಶಾಲೆಯಲ್ಲಿ, ತಪ್ಪಿದ್ದರೆ ಕ್ಷಮಿಸಿ.

ಒಳ್ಳೆಯದು ಮೊದಲು ಹೇಳುತ್ತೇನೆ. ಡಬ್ಬಿಯಲ್ಲಿ ಚಿತ್ರಾನ್ನ ತಗೊಂಡು ಹೋದರೆ ಯಾರೂ ಮೂಗು ಮುಚ್ಚುವುದಿಲ್ಲ. ನನ್ನ ಹೆಸರನ್ನು ಟೀಚರ್‌ಗಳು ಸರಿಯಾಗಿ ಕರೆಯುತ್ತಿದ್ದರು. ಊರಿನ ಜನರಲ್ಲಿ ಮೂರರಲ್ಲಿ ಎರಡು ಪಾಲು ಏಷ್ಯಾ ಮೂಲದವರು. ಬೇರೆ ಊರಿನಲ್ಲಿ ಬೆಳೆದ ನನ್ನ ಕಸಿನ್‌ಗಳು ಅನುಭವಿಸಿದ ಒಂಟಿತನ ನನಗೆ ಬರಲಿಲ್ಲ. ಗಣಿತ ಇಷ್ಟ ಅಂದ್ರೆ ಯಾರೂ ನಗುವುದಿಲ್ಲ.

ಕಷ್ಟ ಏನು ಅಂದ್ರೆ, ಎಲ್ಲರೂ ಎಲ್ಲರ ಅಂಕ ಗೊತ್ತು ಮಾಡಿಕೊಂಡಿರುತ್ತಾರೆ. ಪೋರ್ಟಲ್‌ನಲ್ಲಿ ಟೆಸ್ಟ್ ಅಂಕ ಬಂದ ತಕ್ಷಣ ಇಡೀ ಕ್ಲಾಸ್ ಫೋನ್ ನೋಡುತ್ತದೆ. ನನ್ನ ಗೆಳತಿಗೆ 89.4 ಬಂತು. ಎ ಗ್ರೇಡ್‌ಗೆ 90 ಬೇಕು. ಅವಳು ಬಾತ್‌ರೂಮ್‌ಗೆ ಹೋಗಿ ಪಾಠ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಅವಳು ದಡ್ಡಿ ಅಲ್ಲ. ಇಡೀ ದೇಶದಲ್ಲಿ ಎಲ್ಲಿ ಓದಿದ್ದರೂ ಕ್ಲಾಸಿಗೆ ಮೊದಲು ಬರುವಂಥವಳು. ಇಲ್ಲಿ ಅವಳಿಗೆ ತಾನು ಏನೂ ಅಲ್ಲ ಅಂತ ಅನ್ನಿಸಿತ್ತು. 9ನೇ ತರಗತಿಯಲ್ಲೇ "ನೀನು ಎಷ್ಟು ಎಪಿ ತಗೋತೀಯಾ" ಅನ್ನುವುದೇ ಮಾತು. ಎಪಿ ಅಂದ್ರೆ ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್. ರಾತ್ರಿ ಎರಡಕ್ಕೆ ಮಲಗುವುದು ಹೆಮ್ಮೆ ಅಂದುಕೊಂಡಿದ್ದೆವು. 2022ರಿಂದ ರಾಜ್ಯದ ಕಾನೂನಿನಂತೆ ಹೈಸ್ಕೂಲ್ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗುವ ಹಾಗಿಲ್ಲ. ಅದು ಒಳ್ಳೆಯದಾಯಿತು, ಆದರೆ ಕೆಲವರು ಹಾಗೆ ಸಿಕ್ಕ ಹೊತ್ತನ್ನೂ ಓದಿಗೇ ಹಾಕಿದರು.

ನಿಮ್ಮ ಮಗಳ ಸ್ವಭಾವ ಹೇಗೆ ಆಂಟಿ? ನಾಲ್ಕು ಜನ ಮುಂದೆ ಇದ್ದರೆ ಅವಳಿಗೆ ಹುರುಪು ಬರುತ್ತದಾ, ಕುಗ್ಗುತ್ತಾಳಾ? ಅದನ್ನು ಮೊದಲು ನೋಡಿ. ಮತ್ತೆ ದಯವಿಟ್ಟು ಅವಳನ್ನೇ ಕೇಳಿ. ನನ್ನ ಅಪ್ಪ ಅಮ್ಮ ನನ್ನ ಜೊತೆ ಮಾತಾಡದೆ ಯಾವ ಕೋರ್ಸೂ ತೀರ್ಮಾನ ಮಾಡಲಿಲ್ಲ. ನನಗೆ ಅದೇ ದೊಡ್ಡ ಆಸರೆ ಆಗಿತ್ತು.

ಸನಿವೇಲ್ ಅಕ್ಕ

ಪುಟ್ಟಾ, ಎಷ್ಟು ಚೆನ್ನಾಗಿ ಬರೆದಿದ್ದೀಯ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಕ್ಕದ ಪಾಲೊ ಆಲ್ಟೊದಲ್ಲಿ 2009-10ರಲ್ಲಿ ಒಮ್ಮೆ, 2014-15ರಲ್ಲಿ ಇನ್ನೊಮ್ಮೆ, ಹದಿಹರೆಯದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡರು. 2016ರಲ್ಲಿ ಅಮೆರಿಕ ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ತಂಡವೇ ಬಂದು ಅಧ್ಯಯನ ಮಾಡಿತು. ಇಂಥದ್ದಕ್ಕೆ ಶಾಲೆ ಒಂದೇ ಕಾರಣ ಅಂತ ಹೇಳಲು ಆಗುವುದಿಲ್ಲ, ಹೇಳಲೂಬಾರದು. ಆದರೆ ನಮ್ಮ ಮನೆಗಳಲ್ಲಿ ಮನಸ್ಸಿನ ಕಾಯಿಲೆ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಮಗು ಊಟ ಬಿಟ್ಟಿದೆ, ಗೆಳೆಯರನ್ನು ಬಿಟ್ಟಿದೆ, ನಿದ್ದೆ ಇಲ್ಲ ಅಂದ್ರೆ ಸುಮ್ನೆ ಇರಬೇಡಿ. ಡಾಕ್ಟರ್ ಹತ್ತಿರ ಹೋಗಿ. ತುರ್ತು ಇದ್ದರೆ 988ಕ್ಕೆ ಫೋನ್ ಮಾಡಿ ಇಲ್ಲ ಮೆಸೇಜ್ ಕಳಿಸಿ, ಹಗಲು ರಾತ್ರಿ ಯಾರಾದರೂ ಇರುತ್ತಾರೆ.

ಬಬ್ ರಸ್ತೆ ಅಪ್ಪ

ಕಾಲೇಜಿನವರು ಹೇಗೆ ನೋಡುತ್ತಾರೆ ಅಂತ ಕೇಳಿದಿರಿ. ಯುಸಿ, ಅಂದ್ರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕ ಹೇಳುತ್ತೇನೆ, ಯಾಕೆಂದರೆ ನಮ್ಮ ಹೆಚ್ಚಿನ ಮಕ್ಕಳು ಅಲ್ಲಿಗೇ ಅರ್ಜಿ ಹಾಕುವುದು.

ಯುಸಿ ಪ್ರವೇಶಕ್ಕೆ ಈಗ ಎಸ್ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ಜಿಪಿಎ, ಅಂದ್ರೆ ಗ್ರೇಡ್‌ಗಳ ಸರಾಸರಿ ಲೆಕ್ಕಕ್ಕೆ 10 ಮತ್ತು 11ನೇ ತರಗತಿಯ ಗ್ರೇಡ್ ಹಿಡಿಯುತ್ತಾರೆ. ಎಪಿ, ಆನರ್ಸ್‌ಗೆ ಕೊಡುವ ಹೆಚ್ಚುವರಿ ಪಾಯಿಂಟ್ ಹೆಚ್ಚೆಂದರೆ 8 ಸೆಮಿಸ್ಟರ್‌ಗೆ ಮಾತ್ರ. ಅಂದ್ರೆ ವರ್ಷವಿಡೀ ನಡೆಯುವ ನಾಲ್ಕು ಕೋರ್ಸ್. ಅದಕ್ಕಿಂತ ಜಾಸ್ತಿ ತಗೊಂಡರೆ ಅರ್ಜಿ ಓದುವವರು ಗಮನಿಸುತ್ತಾರೆ ನಿಜ, ಆದರೆ ಆ ಜಿಪಿಎ ಏರುವುದಿಲ್ಲ. ಮಗು ನಿದ್ದೆಗೆಟ್ಟು ಹನ್ನೆರಡು ಎಪಿ ಮಾಡುವ ಮೊದಲು ಇದು ಗೊತ್ತಿರಬೇಕು.

ಇನ್ನೊಂದು ಇದೆ. ಪ್ರತಿ ಹೈಸ್ಕೂಲ್‌ನ ಮೊದಲ 9% ಮಕ್ಕಳಿಗೆ ಯುಸಿ ಒಂದು ಭರವಸೆ ಕೊಡುತ್ತದೆ. ಕೇಳಿದ ಕ್ಯಾಂಪಸ್ ಯಾವುದೂ ಸಿಗದಿದ್ದರೂ, ಜಾಗ ಇರುವ ಇನ್ನೊಂದು ಕ್ಯಾಂಪಸ್‌ನಲ್ಲಿ ಸೀಟು. ಬರ್ಕ್ಲಿ, ಯುಸಿಎಲ್‌ಎ ಸಿಗುತ್ತದೆ ಅಂತ ಅಲ್ಲ. ಆದರೆ ಆ 9% ಲೆಕ್ಕ ಆಯಾ ಶಾಲೆಯೊಳಗೇ. ಮಾಂಟಾ ವಿಸ್ಟಾದಲ್ಲಿ ಆ ಗೆರೆ ಎಷ್ಟು ಮೇಲಿರುತ್ತದೆ ಯೋಚನೆ ಮಾಡಿ. ಎಮರಾಲ್ಡ್‌ನಲ್ಲೇ ನಿಮ್ಮ ಮಗಳಿಗೆ ಅದು ಸುಲಭ ಆಗಬಹುದು. ಅರ್ಜಿ ನೋಡುವವರು ಮಗು ತನ್ನ ಶಾಲೆಯಲ್ಲಿ ಸಿಕ್ಕ ಅವಕಾಶದಲ್ಲಿ ಏನು ಮಾಡಿತು ಅಂತ ನೋಡುತ್ತಾರೆ. ಶಾಲೆಯ ಹೆಸರಿಗೆ ಅಂಕ ಕೊಡುವುದಿಲ್ಲ.

ಡಿ ಆನ್ಜಾದಂಥ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಯುಸಿಗೆ ಹೋಗುವ ದಾರಿಯೂ ಇದೆ. ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು ನಿಗದಿ ಮಾಡಿದ ಗ್ರೇಡ್ ತೆಗೆದರೆ ಸೀಟು ಖಾತ್ರಿ ಅಂತ ಮೊದಲೇ ಬರೆದುಕೊಡುತ್ತವೆ. ನಮ್ಮವರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ. ಯಾಕೆ ಅಂತ ನನಗೆ ಅರ್ಥವೇ ಆಗುವುದಿಲ್ಲ.

ಐಇಪಿ ಅಮ್ಮ

ನನ್ನ ಮಗನಿಗೆ ಓದುವುದರಲ್ಲಿ ತೊಂದರೆ ಇದೆ. ಅವನಂಥ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಹೆಸರುವಾಸಿ ಶಾಲೆ ಅಂದ ಕೂಡಲೇ ಎಲ್ಲ ಮಕ್ಕಳಿಗೂ ಒಳ್ಳೆಯದು ಅಂತ ಅಲ್ಲ. ಈ ಭಾಗದ ಒಂದು ಶಾಲೆಯಲ್ಲಿ "ಇನ್ನೂ ಸ್ವಲ್ಪ ದಿನ ನೋಡೋಣ" ಅಂತ ನಮ್ಮನ್ನು ಬಹಳ ಕಾಯಿಸಿದರು. ಆಮೇಲೆ ಗೊತ್ತಾಯಿತು, ಬಾಯಲ್ಲಿ ಕೇಳಿದರೆ ಸಾಲದು. ಮಗುವನ್ನು ಪರೀಕ್ಷಿಸಿ ಅಂತ ಬರವಣಿಗೆಯಲ್ಲಿ ಕೇಳಬೇಕು. ಹಾಗೆ ಕೇಳಿದರೆ ಮಗುವನ್ನು ಹೇಗೆ ಪರೀಕ್ಷಿಸುತ್ತೇವೆ ಅನ್ನುವ ಯೋಜನೆಯನ್ನು ಕ್ಯಾಲಿಫೋರ್ನಿಯಾದಲ್ಲಿ 15 ದಿನದೊಳಗೆ ಕೊಡಬೇಕು. ನೀವು ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಐಇಪಿ, ಅಂದ್ರೆ ಆ ಮಗುವಿಗೆ ಬೇಕಾದ ವಿಶೇಷ ನೆರವಿನ ಯೋಜನೆಯ ಮೀಟಿಂಗ್ ಆಗಬೇಕು. ಈಮೇಲ್ ಮಾಡಿ, ತಾರೀಕು ಇಟ್ಟುಕೊಳ್ಳಿ. ಇದು ಯಾವ ಊರಿನ ಸರ್ಕಾರಿ ಶಾಲೆಯಲ್ಲೂ ನಡೆಯುತ್ತದೆ, ಕ್ಯುಪರ್ಟಿನೊಗೇ ಬರಬೇಕಿಲ್ಲ.

ಮೈಸೂರು ಅಜ್ಜಿ

ಮಗಳ ಮನೆಗೆ ಬಂದು ಇಲ್ಲೇ ಇದ್ದೇನಮ್ಮ, ಮೊಮ್ಮಗನಿಂದ ಬೆರಳಚ್ಚು ಮಾಡಿಸುತ್ತಿದ್ದೇನೆ. ಊರು ಚೆಂದ. ಮೆಮೋರಿಯಲ್ ಪಾರ್ಕ್‌ಗೆ ದಿನಾ ನಡೆದು ಹೋಗುತ್ತೇನೆ. ನನ್ನಂಥವರು ಬಹಳ ಜನ ಸಿಗುತ್ತಾರೆ. ತಮಿಳರು, ತೆಲುಗರು, ಚೀನಾದವರು. ಚೀನಾದ ಒಬ್ಬ ಅಜ್ಜಿಗೂ ನನಗೂ ಮಾತು ಬರುವುದಿಲ್ಲ, ಆದರೂ ದಿನಾ ಜೊತೆಗೆ ಕೂರುತ್ತೇವೆ. ಲೈಬ್ರರಿ ಅಂತೂ ಅರಮನೆ ಹಾಗಿದೆ. ಆದರೆ ಬೀದಿಯಲ್ಲಿ ಆಡುವ ಮಕ್ಕಳು ಕಾಣುವುದಿಲ್ಲ. ಶಾಲೆ ಬಿಟ್ಟ ಕೂಡಲೇ ಕಾರು ಹತ್ತಿ ಗಣಿತ, ಈಜು, ಪಿಯಾನೋ. ಮೊಮ್ಮಗನ ಜೊತೆ ಚೌಕಾಬಾರ ಆಡಬೇಕು ಅಂದ್ರೆ ಮೊದಲೇ ಅವನ ಅಮ್ಮನನ್ನು ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಮಗುವಿಗೆ ಬಿಡುವು ಬೇಡವೇನಮ್ಮ?

ಬಾಡಿಗೆ ಮನೆಯವ

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಣದ ಬಗ್ಗೆ ಹೇಳುತ್ತೇನೆ. ನಾವು ಇಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗೆ ಇದ್ದೇವೆ. ಶಾಲೆಗೆ ನೀವು ಮಾಲೀಕರೋ ಬಾಡಿಗೆದಾರರೋ ಮುಖ್ಯ ಅಲ್ಲ. ನಿಜವಾಗಿ ಆ ವಿಳಾಸದಲ್ಲಿ ವಾಸ ಇದ್ದರೆ ಸಾಕು. ಬಾಡಿಗೆ ಕರಾರು, ಕರೆಂಟ್ ಬಿಲ್ ಕೇಳುತ್ತಾರೆ. ಹೈಸ್ಕೂಲ್ ಡಿಸ್ಟ್ರಿಕ್ಟ್‌ನವರು ಮನೆಗೇ ಬಂದು ನೋಡುವುದೂ ಉಂಟು. ಹಾಗಾಗಿ ಸ್ನೇಹಿತರ ವಿಳಾಸ ಕೊಡುವ ಯೋಚನೆ ಯಾರೂ ಮಾಡಬೇಡಿ.

ನೀವು ಎಚ್-1ಬಿ ವೀಸಾದಲ್ಲಿದ್ದರೆ ಇನ್ನೂ ಜಾಸ್ತಿ ಯೋಚನೆ ಮಾಡಿ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು. ತಲೆ ಮೇಲೆ ಅಷ್ಟು ದೊಡ್ಡ ಸಾಲ ಇಟ್ಟುಕೊಂಡು ಆ 60 ದಿನ ಕಳೆಯುವುದು ಹೇಗಿರುತ್ತದೆ ಅಂತ ನನ್ನ ಜೊತೆ ಕೆಲಸ ಮಾಡಿದವರಲ್ಲಿ ನೋಡಿದ್ದೇನೆ. ಮಕ್ಕಳಿಗೂ ಆ ಭಯ ಗೊತ್ತಾಗುತ್ತದೆ.

ಇಲ್ಲಿ ಬಂದ ಮೇಲೂ ಶಾಲೆ ಪೂರಾ ಪುಕ್ಕಟೆ ಅಲ್ಲ. ಪಿಟಿಎ ಅನ್ನುವ ಪೋಷಕರ ಮತ್ತು ಟೀಚರ್‌ಗಳ ಸಂಘಕ್ಕೆ, ಎಜುಕೇಷನ್ ಫೌಂಡೇಷನ್‌ಗೆ ದೇಣಿಗೆ ಕೇಳುತ್ತಾರೆ. 2013ರಿಂದ ರಾಜ್ಯ ಕಡಿಮೆ ಆದಾಯದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗೆ ಹೆಚ್ಚು ಹಣ ಕೊಡುತ್ತದೆ. ಅದು ನ್ಯಾಯವೇ. ಇಲ್ಲಿ ಅಂಥ ಮಕ್ಕಳು ಕಡಿಮೆ, ಹಾಗಾಗಿ ಸಂಗೀತ, ಲೈಬ್ರರಿ ಖರ್ಚಿಗೆ ಅಪ್ಪ ಅಮ್ಮಂದಿರೇ ಜೇಬಿಗೆ ಕೈ ಹಾಕಬೇಕಾಗುತ್ತದೆ. ಕೊಡಲು ಆಗದಿದ್ದರೆ ಯಾರೂ ಬಲವಂತ ಮಾಡುವುದಿಲ್ಲ, ನಾಚಿಕೆ ಪಡಬೇಡಿ.

ಡಬ್ಲಿನ್ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮಗಳನ್ನು ಕೂರಿಸಿಕೊಂಡು ಕೇಳಿದೆವು. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. "ನನ್ನ ಫ್ರೆಂಡ್ಸ್ ಎಲ್ಲ ಎಮರಾಲ್ಡ್‌ಗೆ ಹೋಗ್ತಾರೆ, ಅಲ್ಲಿ ಈಜು ತಂಡಕ್ಕೆ ಸೇರಬೇಕು ಅಂತ ಇದ್ದೀನಿ" ಅಂದಳು. ಅಪ್ಪನಿಗೆ ದೂರ ಆಗುತ್ತದೆ ಅನ್ನುವುದೊಂದೇ ಅವಳಿಗೂ ಬೇಜಾರು. ಹಾಗಾಗಿ ಮಗಳ ಹೈಸ್ಕೂಲ್ ಮುಗಿಯುವವರೆಗೆ ಇಲ್ಲೇ ಅಂತ ತೀರ್ಮಾನ ಮಾಡಿದೆವು. ಉಳಿದಿರುವುದು ಯಜಮಾನರ ಓಡಾಟ. ಈಸ್ಟ್ ಬೇಯಿಂದ ಹೋಗುವವರು ಯಾರಾದರೂ ಏನು ಮಾಡುತ್ತೀರಿ ಹೇಳಿ.

ಪ್ಲೆಸಂಟನ್‌ನವ

ಅಕ್ಕಾ, ನಾನು ಎಸಿಇ ರೈಲಿನಲ್ಲಿ ಹೋಗುತ್ತೇನೆ. ಪ್ಲೆಸಂಟನ್‌ನಲ್ಲಿ ಹತ್ತಿ ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲಿಂದ ಕೆಲವು ಕಂಪನಿಗಳ ಬಸ್ಸು ಇರುತ್ತದೆ. ಭಾವನವರ ಕಂಪನಿಗೆ ಇದೆಯಾ ಕೇಳಿ ನೋಡಿ. ಬೆಳಿಗ್ಗೆ ಅತ್ತ, ಸಂಜೆ ಇತ್ತ, ಇರುವುದು ಕೆಲವೇ ರೈಲು. ಆಫೀಸಿನ ವೇಳೆ ಅದಕ್ಕೆ ಹೊಂದಿಸಿಕೊಳ್ಳಬೇಕು. ಟೇಬಲ್ ಇರುವ ಸೀಟು ಸಿಕ್ಕರೆ ಲ್ಯಾಪ್‌ಟಾಪ್ ಇಟ್ಟು ಕೆಲಸವನ್ನೂ ಮಾಡಬಹುದು. ನಾನು ಹೋಗುವುದು ಮಂಗಳವಾರ, ಬುಧವಾರ, ಗುರುವಾರ. ಅವರದ್ದೂ ಅದೇ ದಿನಗಳಾದರೆ ಹೇಳಿ, ಸ್ಟೇಷನ್‌ವರೆಗೆ ಒಂದೇ ಕಾರಿನಲ್ಲಿ ಹೋಗೋಣ.